ಸಿಕ್ಕವರು ಯಾರಿಗೆ ಸಿಕ್ಕರು?

1993ರಲ್ಲಿ ನಮ್ಮ ಮೊಹಲ್ಲಾದಲ್ಲಿ ಕೇಬಲ್ ಟಿವಿ ಇದ್ದದ್ದು ಎರಡೇ ಮನೆಗಳಲ್ಲಿ. ಒಂದು ಲಾರಿ ಮಾಲೀಕರ ಮನೆ, ಇನ್ನೊಂದು ಸೌದಿಯಲ್ಲಿದ್ದವರ ಮನೆ. ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಆಗಷ್ಟೇ ಕನ್ನಡ ಹೈಸ್ಕೂಲಿಗೆ ಸೇರಿದ್ದ ನನಗೆ ಇಂಗ್ಲಿಷ್ ಎಂದರೆ ಪರೀಕ್ಷೆಯ ಭಯ, ಅಷ್ಟೆ. ಆದರೂ ಸಂಜೆ ಆ ಎರಡನೇ ಮನೆಯ ಹಜಾರದಲ್ಲಿ ಹುಡುಗರೆಲ್ಲ ಗುಂಪುಗೂಡಿ ಎಂಟಿವಿ ನೋಡುತ್ತಿದ್ದೆವು. ಹಿರಿಯರು ಬಂದ ಸದ್ದಾದರೆ ಚಾನೆಲ್ ಬದಲಾಗುತ್ತಿತ್ತು.

ಒಂದು ದಿನ ಬಂದ ಹಾಡಿಗೆ ಮಾತ್ರ ಯಾರೂ ಚಾನೆಲ್ ಬದಲಿಸಲಿಲ್ಲ. ಜಡೆಗಟ್ಟಿದ ಕೂದಲಿನ ಒಬ್ಬ ತೆಳ್ಳನೆಯ ಯುವಕ ಗಿಟಾರ್ ಹಿಡಿದು ಹಾಡುತ್ತಿದ್ದ. ಅವನ ಮುಖ ಹೋಗಿ ಒಂದು ಹುಡುಗಿಯ ಫೋಟೋ ಬಂತು. ಶಾಲೆಯ ಗುಂಪುಫೋಟೋದಿಂದ ಕತ್ತರಿಸಿ ತೆಗೆದಂತಿದ್ದ ನಗುಮುಖ. ಕೆಳಗೆ ಒಂದು ಹೆಸರು, ಒಂದು ಇಸವಿ. ಆಮೇಲೆ ಇನ್ನೊಂದು ಮುಖ, ಇನ್ನೊಂದು ಇಸವಿ. ಹಾಡಿನ ಒಂದು ಶಬ್ದವೂ ಅರ್ಥವಾಗದ ನನಗೆ ಅದು ಏನೆಂಬುದು ತಟ್ಟನೆ ಗೊತ್ತಾಯಿತು. ಅಬ್ಬಾ ತರಿಸುತ್ತಿದ್ದ ಉರ್ದು ಪತ್ರಿಕೆಯಲ್ಲಿ 'ತಲಾಶೆ ಗುಮ್‌ಶುದಾ' ಎಂಬ ತಲೆಬರಹದಡಿ ಬರುತ್ತಿದ್ದದ್ದು ಇದೇ. ಕನ್ನಡ ಪತ್ರಿಕೆಯ ಮೂಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರುತ್ತಿದ್ದದ್ದೂ ಇದೇ. ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ನೀಲಿ ಅಂಗಿ ಧರಿಸಿದ್ದ.

ಹಾಡಿನ ಹೆಸರು 'ರನ್‌ಅವೇ ಟ್ರೇನ್', ಹಾಡಿದವರು 'ಸೋಲ್ ಅಸೈಲಮ್' ಎಂಬ ತಂಡದವರು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನವರು. 1980ರ ದಶಕದ ಆರಂಭದಿಂದ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಕಿವಿಗಡಚಿಕ್ಕುವಂತೆ ಬಾರಿಸಿಕೊಂಡು ಇದ್ದವರು. ದೊಡ್ಡ ಕಂಪನಿಗಳ ಸಿದ್ಧಮಾದರಿಗೆ ಒಗ್ಗದ ಇಂಥ ತಂಡಗಳ ಸಂಗೀತವನ್ನು ಅಲ್ಲಿ ಆಲ್ಟರ್ನೇಟಿವ್ ರಾಕ್ ಎನ್ನುತ್ತಿದ್ದರು. 1991ರ ನಂತರ ಅದೇ ಸಂಗೀತ ದೊಡ್ಡ ವ್ಯಾಪಾರವಾಯಿತು ಎಂಬುದು ಬೇರೆ ಮಾತು. 1992ರಲ್ಲಿ ಬಂದ ಇವರ 'ಗ್ರೇವ್ ಡ್ಯಾನ್ಸರ್ಸ್ ಯೂನಿಯನ್' ಆಲ್ಬಮ್‌ನಲ್ಲಿ ಈ ಹಾಡಿತ್ತು. 1993ರಲ್ಲಿ ಬಿಡಿಯಾಗಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. 1994ರಲ್ಲಿ ಅತ್ಯುತ್ತಮ ರಾಕ್ ಗೀತೆಯೆಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಕುತೂಹಲದ ಸಂಗತಿಯೆಂದರೆ ಹಾಡು ಬರೆದು ಹಾಡಿದ ಡೇವ್ ಪಿರ್ನರ್‌ಗೆ ಕಾಣೆಯಾದ ಮಕ್ಕಳ ಯೋಚನೆಯೇ ಇರಲಿಲ್ಲ. ತನ್ನ ಕಿವಿ ಕೇಳಿಸದೆ ಹೋಗುತ್ತದೆಂಬ ಭಯದಲ್ಲಿ, ಮನಸ್ಸು ಕುಸಿದಿದ್ದ ದಿನಗಳಲ್ಲಿ ಆತ ಅಬ್ಬರದ ವಾದ್ಯಗಳನ್ನು ಬದಿಗಿಟ್ಟು ಮರದ ಗಿಟಾರ್ ಹಿಡಿದ. ಆಗ ಹುಟ್ಟಿದ್ದು ಈ ಹಾಡು. ಹಳಿಯ ಮೇಲೆ ತಡೆಯಿಲ್ಲದೆ ಓಡುವ ರೈಲು ಅವನದೇ ಮನಸ್ಸು. ಅದಕ್ಕೆ ಮಕ್ಕಳ ಮುಖಗಳನ್ನು ಜೋಡಿಸಿದವನು ವಿಡಿಯೋ ನಿರ್ದೇಶಿಸಿದ ಟೋನಿ ಕೇ ಎಂಬ ಇಂಗ್ಲೆಂಡಿನವ. ಮುಂದೆ 1998ರಲ್ಲಿ 'ಅಮೆರಿಕನ್ ಹಿಸ್ಟರಿ ಎಕ್ಸ್' ಸಿನಿಮಾ ಮಾಡಿದ್ದು ಇವನೇ. ಹಾಲಿನ ಕಾಗದದ ಡಬ್ಬಿಗಳ ಮೇಲೆ ಕಾಣೆಯಾದ ಮಕ್ಕಳ ಫೋಟೋ ಅಚ್ಚು ಹಾಕುವ ಪದ್ಧತಿ ಅಮೆರಿಕದ ಅಯೋವಾ ರಾಜ್ಯದಲ್ಲಿ 1984ರಲ್ಲಿ ಶುರುವಾಗಿ ದೇಶವೆಲ್ಲ ಹರಡಿತ್ತು. ಬೆಳಗಿನ ತಿಂಡಿಯ ಮೇಜಿನ ಮೇಲಿದ್ದ ಆ ಮುಖಗಳನ್ನು ಟೋನಿ ಕೇ ಹದಿಹರೆಯದವರು ಕಣ್ಣು ಕೀಲಿಸಿ ಕೂರುವ ಕಡೆಗೆ ಒಯ್ದ. ಅದೇ 1984ರಲ್ಲಿ ಸ್ಥಾಪನೆಯಾಗಿದ್ದ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರ ಇದಕ್ಕೆ ಜೊತೆಯಾಯಿತು.

ವಿಡಿಯೋ ಒಂದೇ ಅಲ್ಲ. ಅಮೆರಿಕದಲ್ಲೇ ಮೂರು ಆವೃತ್ತಿಗಳಾದವು, ಒಟ್ಟು 36 ಮಕ್ಕಳ ಫೋಟೋಗಳು. ಬ್ರಿಟನ್ನಿಗೆ, ಆಸ್ಟ್ರೇಲಿಯಾಕ್ಕೆ ಅಲ್ಲಲ್ಲಿಯ ಕಾಣೆಯಾದವರ ಮುಖಗಳಿದ್ದ ಬೇರೆ ಆವೃತ್ತಿಗಳು. ಕೊನೆಗೆ ಪಿರ್ನರ್ ತೆರೆಯ ಮೇಲೆ ಬಂದು, ಇವರಲ್ಲಿ ಯಾರನ್ನಾದರೂ ನೋಡಿದ್ದರೆ, ಅಥವಾ ಇವರಲ್ಲಿ ಒಬ್ಬರು ನೀವೇ ಆಗಿದ್ದರೆ, ಈ ನಂಬರಿಗೆ ಫೋನ್ ಮಾಡಿ ಎಂದು ಕೇಳಿಕೊಳ್ಳುತ್ತಾನೆ. ಜನ ಫೋನ್ ಮಾಡಿದರು. ಎಷ್ಟು ಮಕ್ಕಳು ಸಿಕ್ಕರು ಎಂಬ ಲೆಕ್ಕ ಕೆಲವೆಡೆ 21 ಎಂದಿದೆ, ಕೆಲವೆಡೆ 26 ಎಂದಿದೆ. ಗೆಳೆಯನ ಜೊತೆ ಮನೆ ಬಿಟ್ಟು ಹೋಗಿದ್ದ ಒಬ್ಬ ಹುಡುಗಿ ಟಿವಿಯಲ್ಲಿ ತನ್ನದೇ ಮುಖ ಕಂಡು ಮನೆಗೆ ಮರಳಿದಳು. ಒಂದು ಹಾಡು ಇಷ್ಟು ಮಾಡಿತೆಂದರೆ ಕಥೆ ಬರೆಯುವ ನನ್ನಂಥವನಿಗೆ ಅಸೂಯೆಯೇ ಆಗಬೇಕು. ಮೂರು ಸಂಕಲನಗಳಲ್ಲಿ ನನ್ನ ಒಂದು ಕಥೆಯೂ ಯಾರನ್ನೂ ಮನೆ ಮುಟ್ಟಿಸಿಲ್ಲ.

ಆದರೆ ಆ 'ಸಿಕ್ಕರು' ಎಂಬ ಮಾತಿನ ಹತ್ತಿರ ನಾನು ಬಹಳ ವರ್ಷಗಳಿಂದ ನಿಂತುಬಿಟ್ಟಿದ್ದೇನೆ. ಸಿಕ್ಕರು, ಸರಿ. ಯಾರಿಗೆ ಸಿಕ್ಕರು?

ಇದಕ್ಕೆ ಕಾರಣ ನನ್ನದೇ ಒಂದು ಹಳೆಯ ಕೆಲಸ. ಉರ್ದು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನೊಬ್ಬ ಆ ವಿಡಿಯೋ ಬಂದ ವರ್ಷವೇ ಮನೆಯಿಂದ ಕಾಣೆಯಾದ. ಊರೆಲ್ಲ ಹುಡುಕಿದರು. ಕೆರೆಗೆ ಇಳಿದು ನೋಡಿದರು. ಎರಡು ತಿಂಗಳ ಮೇಲೆ ಅಬ್ಬಾನ ಜೊತೆ ಒಂದು ನಿಕಾಹ್‌ಗೆಂದು ಬೇರೆ ಊರಿಗೆ ಹೋಗಿದ್ದಾಗ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಹಿಂಬದಿಯಲ್ಲಿ ಅವನು ಲೋಟ ತೊಳೆಯುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಅವನೂ ನನ್ನನ್ನು ನೋಡಿದ. ಒದ್ದೆ ಕೈಯಲ್ಲೇ ನನ್ನ ಅಂಗಿ ಹಿಡಿದು, "ಕಿಸೀಕೋ ಬೋಲ್‌ನಾ ನಕ್ಕೋ ರೇ" ಎಂದ. ಯಾರಿಗೂ ಹೇಳಬೇಡವೋ. ಮೈ ಕೈ ತುಂಬಿಕೊಂಡಿದ್ದ. ಅವನನ್ನು ಅಷ್ಟು ಚೆನ್ನಾಗಿ ನಾನು ಊರಲ್ಲಿ ಯಾವತ್ತೂ ನೋಡಿರಲಿಲ್ಲ. ಅದು ಆಗ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಆ ಹಾಡು, ಆ ಮುಖಗಳು. ಅವರಲ್ಲಿ ಒಬ್ಬನನ್ನು ನಾನೇ ಹುಡುಕಿಬಿಟ್ಟಿದ್ದೆ! ಮದುವೆಯ ಮನೆ ಮುಟ್ಟುವ ಮೊದಲೇ ಅಬ್ಬಾಗೆ ಹೇಳಿದೆ.

ಅವನನ್ನು ಕರೆತಂದರು. ಮೊಹಲ್ಲಾದಲ್ಲಿ ನನಗೆ ಶಹಭಾಷ್‌ಗಿರಿ ಸಿಕ್ಕಿತು. ಅವನ ತಂದೆ ನನ್ನ ತಲೆ ಸವರಿ ಹತ್ತು ರೂಪಾಯಿ ಕೊಟ್ಟರು. ವಾರದ ನಂತರ ಅವನನ್ನು ಗಲ್ಲಿಯಲ್ಲಿ ಕಂಡೆ. ಬಲಗೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿ ಪಕ್ಕದ ಗಲ್ಲಿಗೆ ತಿರುಗಿದ. ಅವನ ತಂದೆಯ ಕೈಯ ಬೆಲ್ಟಿನ ವಿಷಯ ಇಡೀ ಮೊಹಲ್ಲಾಕ್ಕೆ ಗೊತ್ತಿತ್ತು, ಅವನು ಓಡಿಹೋಗುವ ಮೊದಲೂ ಗೊತ್ತಿತ್ತು. ಮುಂದಿನ ರಮಝಾನ್ ಮುಗಿಯುವ ಹೊತ್ತಿಗೆ ಮತ್ತೆ ಹೋದ. ಈ ಸಲ ಯಾರ ಕಣ್ಣಿಗೂ ಬೀಳದ ಹಾಗೆ ಹೋದ.

ಸೋಲ್ ಅಸೈಲಮ್ ತಂಡದ ಗಿಟಾರ್ ವಾದಕ ಡ್ಯಾನ್ ಮರ್ಫಿ ಒಂದು ಸಂದರ್ಶನದಲ್ಲಿ ಹೇಳಿದ ಸಂಗತಿಯೊಂದಿದೆ. ಊರೂರು ಸುತ್ತುತ್ತಿದ್ದಾಗ ಒಬ್ಬ ಹುಡುಗಿ ಇವರ ಬಳಿ ಬಂದು, ನೀವು ನನ್ನ ಬದುಕು ಹಾಳುಮಾಡಿದಿರಿ ಎಂಬರ್ಥದ ಮಾತನ್ನು ನಗುನಗುತ್ತಲೇ ಆಡಿದಳಂತೆ. ಗೆಳೆಯನ ಮನೆಯಲ್ಲಿದ್ದಾಗ ಟಿವಿಯಲ್ಲಿ ಅವಳ ಮುಖ ಬಂತು. ಆಮೇಲೆ ಬಿಟ್ಟು ಓಡಿಬಂದಿದ್ದ ಕೆಟ್ಟ ಮನೆಗೇ ವಾಪಸ್ಸು ಹೋಗಬೇಕಾಯಿತು. ಆ 21ರ ಅಥವಾ 26ರ ಲೆಕ್ಕದಲ್ಲಿ ಈ ಹುಡುಗಿಯೂ ಒಂದು ಅಂಕಿಯೇ ಇರಬೇಕು. ಅವಳ ನಗುವನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಇದೆಲ್ಲ ತಿಳಿದ ಮೇಲೆ ಆ ವಿಡಿಯೋವನ್ನು ಮತ್ತೆ ನೋಡಿದೆ. ಹದಿಮೂರರ ವಯಸ್ಸಿನಲ್ಲಿ ಗಮನಿಸದೆ ಇದ್ದದ್ದು ಈಗ ಕಂಡಿತು. ಅದರಲ್ಲಿ ಎರಡು ಬಗೆಯ ಚಿತ್ರಗಳಿವೆ. ಒಂದು, ನಟರು ಅಭಿನಯಿಸಿದ ತುಣುಕುಗಳು. ಮನೆಯೊಳಗೆ ವಯಸ್ಸಾದ ಗಂಡಸು ಹೆಂಗಸಿನ ಮೇಲೆ ಕೈಮಾಡುವುದನ್ನು ಮಗುವೊಂದು ಕಾಣುತ್ತದೆ, ಮನೆಬಿಟ್ಟು ಓಡುತ್ತದೆ. ಬೀದಿಯ ಪಾಲಾದ ಹುಡುಗಿಯೊಬ್ಬಳು ಗಂಡಸರ ಕೈಗೆ ಸಿಕ್ಕಿ ಜರ್ಜರಿತಳಾಗುತ್ತಾಳೆ. ತಳ್ಳುಗಾಡಿಯಲ್ಲಿದ್ದ ಎಳೆಯ ಕೂಸನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಎರಡನೆಯದು, ನಿಜವಾದ ಮಕ್ಕಳ ಫೋಟೋಗಳು. ಅಭಿನಯದ ಮಕ್ಕಳಿಗೆ ಕಾರಣವಿದೆ. ಅವರು ಯಾರಿಂದ ಓಡಿದರು, ಯಾರು ಎತ್ತಿಕೊಂಡು ಹೋದರು ಎಂಬುದು ನಮಗೆ ಕಾಣುತ್ತದೆ. ನಿಜವಾದ ಮಕ್ಕಳಿಗೆ ಹೆಸರು ಮತ್ತು ಇಸವಿ ಮಾತ್ರ. ಟೋನಿ ಕೇಗೆ ಮನೆಯೂ ಅಪಾಯದ ಜಾಗ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದರಿಂದಲೇ ಆ ದೃಶ್ಯ ಇಟ್ಟಿದ್ದಾನೆ. ಆದರೆ ಒಂದು ನಿಜವಾದ ಫೋಟೋ ತೋರಿಸಿ, ಈ ಹುಡುಗ ತಂದೆಯ ಹೊಡೆತ ತಾಳದೆ ಹೋದ ಎಂದು ಕೆಳಗೆ ಬರೆಯಲು ಸಾಧ್ಯವೇ? ಹಾಗೆ ಬರೆಯಲು ಯಾರು ಒಪ್ಪಿಯಾರು? ಕಾಣೆಯಾದವರ ಬಗ್ಗೆ ಹೇಳುವವರು ಉಳಿದವರು. ಹೋದವರ ಕಡೆಯ ಕಥೆ ಹೋದವರ ಜೊತೆಯೇ ಹೋಗಿರುತ್ತದೆ.

ಅದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅದೇ ವಿಡಿಯೋದಲ್ಲಿದ್ದ ಇನ್ನೊಂದು ಮುಖವಿದೆ. ಹೆಸರು ಬೇಡ. ಮಿಷಿಗನ್ ರಾಜ್ಯದ ಹದಿನಾಲ್ಕರ ಹುಡುಗಿ, ದತ್ತು ಹೋದವಳು. 1989ರ ಮಾರ್ಚ್‌ನಲ್ಲಿ ಕಾಣೆಯಾದಳು. ಓಡಿಹೋಗಿದ್ದಾಳೆ ಎಂದು ಪೊಲೀಸರಿಗೆ ತಿಳಿಸಿದವನು ಅವಳ ಸಾಕುತಂದೆ. ಆತ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದಾನೆಂದು ಹುಡುಗಿ ಅದಕ್ಕೂ ಮೊದಲೇ ಬಾಯಿ ಬಿಟ್ಟಿದ್ದಳು. ನಂಬಿದವರಿಲ್ಲ. ಹೆಣ್ಣೊಬ್ಬಳ ಮೇಲೆ ಹಲ್ಲೆ ಮಾಡಿ ಆತ ಆಗಲೇ ಒಮ್ಮೆ ಜೈಲು ಕಂಡು ಬಂದಿದ್ದ. ಆದರೂ ಕಾಗದದಲ್ಲಿ ಅವಳು 'ಓಡಿಹೋದವಳು' ಎಂದೇ ಉಳಿದಳು. ಅದೇ ಹೆಸರಿನ ಹಾಡಿನಲ್ಲಿ ಅವಳ ಮುಖ ದೇಶವೆಲ್ಲ ಸುತ್ತಿತು. ಲಕ್ಷಾಂತರ ಮನೆಗಳಲ್ಲಿ ಜನ ಅವಳನ್ನು ನೋಡಿ, ಈ ಹುಡುಗಿ ಯಾವುದಾದರೂ ಬಸ್ ನಿಲ್ದಾಣದಲ್ಲಿ ಇರಬಹುದೇ ಎಂದುಕೊಂಡಿರಬೇಕು.

ಅವಳು ಎಲ್ಲಿಗೂ ಹೋಗಿರಲಿಲ್ಲ. 1980ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ ನಡೆದ ಒಬ್ಬ ಮಹಿಳೆಯ ಕೊಲೆಯ ಪ್ರಕರಣದಲ್ಲಿ ಡಿಎನ್‌ಎ ಹೊಂದಿಕೆಯಾಗಿ ಆ ಸಾಕುತಂದೆಯನ್ನು 2019ರಲ್ಲಿ ಬಂಧಿಸಿದರು. 2020ರಲ್ಲಿ ಈ ಹುಡುಗಿಯ ಅವಶೇಷಗಳು ಅವನ ಮನೆಯ ಹಿತ್ತಲಲ್ಲಿ ಸಿಕ್ಕವು. ಮೂವತ್ತೊಂದು ವರ್ಷ! ಅಷ್ಟೂ ಕಾಲ ಪ್ರಶ್ನೆಯನ್ನು ಕೆದಕುತ್ತಲೇ ಹೋದವಳೆಂದರೆ ಹೆತ್ತು, ಸಾಕಲಾರದೆ ಕೊಟ್ಟುಬಿಟ್ಟಿದ್ದ ತಾಯಿ ಎಂದು ಹೇಳಬೇಕೆನ್ನಿಸುತ್ತದೆ. ಆದರೆ ನಿಜ ಇನ್ನೂ ಕಹಿಯಾದದ್ದು. ಮಗಳು ಕಾಣೆಯಾದ ವಿಷಯವೇ ಆ ತಾಯಿಗೆ ಇಪ್ಪತ್ತು ವರ್ಷ ಗೊತ್ತಿರಲಿಲ್ಲ. 2010ರ ಸುಮಾರಿಗೆ ಡಿಎನ್‌ಎ ಮಾದರಿ ಕೇಳಿದಾಗ ಗೊತ್ತಾಯಿತು. ಗೊತ್ತಾದ ದಿನದಿಂದ ಅವಳು ಕೇಳಿದ್ದು, ಮಗಳು ಎಲ್ಲಿಗೆ ಹೋದಳು ಎಂದಲ್ಲ. ಆ ಮನೆಯಲ್ಲಿ ಏನು ನಡೆಯಿತು ಎಂದು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಈ ಬಗ್ಗೆ ಸಾಕ್ಷ್ಯಚಿತ್ರ ಬಂತು.

ಬ್ರಿಟನ್ನಿನ ಆವೃತ್ತಿಯಲ್ಲಿದ್ದ ಇಬ್ಬರು ಹುಡುಗಿಯರು 1991ರಲ್ಲಿ ಬೇರೆ ಬೇರೆ ಕಡೆ ಕಾಣೆಯಾದವರು. 2007ರಲ್ಲಿ ಇಬ್ಬರ ಶವಗಳೂ ಮಾರ್ಗೇಟ್ ಎಂಬ ಊರಿನ ಒಂದೇ ಮನೆಯ ಹಿತ್ತಲಲ್ಲಿ ಸಿಕ್ಕವು. ಆಸ್ಟ್ರೇಲಿಯಾದ ಆವೃತ್ತಿಯಲ್ಲಿದ್ದ ಕೆಲವರು ಅಲ್ಲಿನ ಸರಣಿ ಕೊಲೆಗಾರನೊಬ್ಬನಿಗೆ ಬಲಿಯಾಗಿದ್ದರು. ತಾನಾಗಿ ಹೋದವರು, ಅಪಹರಣವಾದವರು, ಮಣ್ಣಿನಡಿ ಇದ್ದವರು, ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ರಾಗದ ಮೇಲೆ, ಒಂದೇ ಹೆಸರಿನಡಿ.

ನನ್ನ ನಾನಿ ಯೂಸುಫ್ ಪೈಗಂಬರರ ಕಥೆ ಹೇಳುವಾಗ ಒಂದು ಕಡೆ ಯಾವಾಗಲೂ ನಿಲ್ಲಿಸುತ್ತಿದ್ದಳು. ಹುಡುಗ ಕಾಣೆಯಾದ ಸುದ್ದಿಯನ್ನು, ರಕ್ತ ಮೆತ್ತಿದ ಅಂಗಿಯ ಸಮೇತ, ತಂದೆ ಯಾಕೂಬರಿಗೆ ತಂದು ಮುಟ್ಟಿಸಿದವರು ಯಾರು? ಅವನನ್ನು ಬಾವಿಗೆ ಹಾಕಿದವರೇ. ತೋಳ ತಿಂದಿತು ಎಂದರು. ತಂದೆ ಆ ಮಾತನ್ನು ನಂಬಲಿಲ್ಲ. "ಅಂಗಿ ನೋಡಿ ಅತ್ತರು, ಮಾತು ಕೇಳಿ ಸುಮ್ಮನಾದರು" ಎನ್ನುತ್ತಿದ್ದಳು ನಾನಿ. ಆ ಮಿಷಿಗನ್ ಹುಡುಗಿಯ ವಿಷಯ ಓದಿದ ದಿನ ನನಗೆ ನೆನಪಾದದ್ದು ನಾನಿಯ ಆ ನಿಲುಗಡೆ.

'ಓಡಿಹೋದವರು' ಎಂಬ ಪದದ ಬಗ್ಗೆಯೇ ಸ್ವಲ್ಪ ಹೇಳಬೇಕು. ಈ ಪದ ಎರಡು ಕಡೆಗೂ ಕೊಯ್ಯುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ 1970ರಿಂದ 1973ರವರೆಗೆ ಹುಡುಗರು ಒಬ್ಬರಾದ ಮೇಲೆ ಒಬ್ಬರು ಕಾಣೆಯಾಗುತ್ತ ಹೋದರು. ಹಲವರು ಒಂದೇ ಬಡಾವಣೆಯವರು. ತಂದೆತಾಯಿಗಳು ಠಾಣೆಗೆ ಹೋದರೆ, ಓಡಿಹೋಗಿರಬೇಕು, ಬರುತ್ತಾನೆ ಬಿಡಿ ಎಂಬ ಉತ್ತರ. ಹಿಪ್ಪಿಗಳ ಕಾಲ ಅದು, ಹುಡುಗರು ಮನೆ ಬಿಡುವುದು ಹೊಸತೇನೂ ಆಗಿರಲಿಲ್ಲ. 1973ರ ಆಗಸ್ಟ್‌ನಲ್ಲಿ ಕೊಲೆಗಾರ ತನ್ನ ಸಹಚರನ ಕೈಯಲ್ಲೇ ಸತ್ತಾಗ ನೆಲ ಅಗೆದರು. ಕನಿಷ್ಠ 27 ಹುಡುಗರು. ಅವರಲ್ಲಿ ಎಷ್ಟೋ ಮಂದಿಯನ್ನು ಹುಡುಕದೆ ಬಿಡಲು ಸಾಕಾದದ್ದು ಆ ಒಂದು ಪದ. ತಾನಾಗಿ ಹೋದ ಮೇಲೆ ಹುಡುಕುವುದೇನು ಎಂಬ ಧೋರಣೆ. ಅದೇ ಪದ ಇನ್ನೊಂದು ಕಡೆ, ತಾನಾಗಿ ಹೋದವರನ್ನು ಅಪರಾಧಿಗಳಂತೆ ಹಿಡಿದು ತಂದು ಅದೇ ಬಾಗಿಲೊಳಗೆ ನೂಕಲೂ ಸಾಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ, ಯಾಕೆ ಹೋದೆ ಎಂದು ಕೇಳುವ ಕೆಲಸ ಮಾತ್ರ ತಪ್ಪುತ್ತದೆ.

ನಮ್ಮಲ್ಲಿ ಈ ಪದಕ್ಕೆ ಇನ್ನೊಂದು ಭಾರವೂ ಇದೆ. ಹುಡುಗ ಓಡಿಹೋದರೆ ಪೋಲಿ, ಹುಡುಗಿ ಓಡಿಹೋದರೆ ಮನೆತನದ ಮಾನ. ಹುಡುಗಿ ಸಿಕ್ಕಳೆಂದು ಕೇಳಿದಾಗ ನೆಮ್ಮದಿಯಾಗುವ ಬದಲು ಹೆದರಿಕೆಯಾದ ಸಂದರ್ಭಗಳು ಓದುಗರಲ್ಲೂ ಕೆಲವರಿಗೆ ನೆನಪಿರಬಹುದು. ವಿವರಿಸುವ ಅಗತ್ಯವಿಲ್ಲ.

ಹಾಗಾದರೆ ಹುಡುಕಬಾರದೇ? ಆ ಮಾತನ್ನು ನಾನು ಹೇಳಲಾರೆ. ಆ ಹೋಟೆಲಿನ ಹಿಂದೆ ಲೋಟ ತೊಳೆಯುತ್ತಿದ್ದವನಿಗೆ ಇನ್ನೊಂದು ವರ್ಷದಲ್ಲಿ ಯಾರ ಸಹವಾಸ ಸಿಗುತ್ತಿತ್ತೋ, ಯಾವ ಕಾಯಿಲೆ ಬರುತ್ತಿತ್ತೋ ನನಗೇನು ಗೊತ್ತು? ಹದಿಮೂರರ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಬೆಳೆಯಲಿ ಎನ್ನುವುದು ಸ್ವಾತಂತ್ರ್ಯದ ಮಾತಲ್ಲ, ಕೈತೊಳೆದುಕೊಳ್ಳುವ ಮಾತು. ಗೆಳೆಯನ ಜೊತೆ ಹೋಗಿದ್ದ ಆ ಹುಡುಗಿ ಟಿವಿಯಲ್ಲಿ ತನ್ನನ್ನು ನೋಡದೆ ಇದ್ದಿದ್ದರೆ ಅವಳ ಗತಿ ಏನಾಗುತ್ತಿತ್ತು? ಇಪ್ಪತ್ತಕ್ಕೂ ಹೆಚ್ಚು ಮನೆಗಳಲ್ಲಿ ಆ ವರ್ಷ ಯಾರೋ ಬಾಗಿಲು ತೆರೆದಿದ್ದಾರೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಅದನ್ನು ಹಗುರ ಮಾಡುವ ಹಕ್ಕು ನನಗಿಲ್ಲ. ಆ ವಿಡಿಯೋ ಮಾಡಬಾರದಿತ್ತು ಎಂದು ಯಾರಾದರೂ ಹೇಳಿದರೆ ನಾನು ಅವರ ಜೊತೆ ಜಗಳಕ್ಕೆ ನಿಂತೇನು.

ನನ್ನ ತಕರಾರು ಬೇರೆ. ಹುಡುಕುವುದು ಮತ್ತು ಹಿಂದಕ್ಕೆ ಒಪ್ಪಿಸುವುದು ಎರಡು ಬೇರೆ ಬೇರೆ ಕೆಲಸಗಳು. ನಾವು ಅವನ್ನು ಒಂದೇ ಉಸಿರಿನಲ್ಲಿ ಮಾಡಿಬಿಡುತ್ತೇವೆ. ಕಳೆದುಹೋದ ಕುರಿಯೂ ಕಳೆದುಹೋದ ಗಡಿಯಾರವೂ ಒಡೆಯನಿಗೆ ಸೇರಬೇಕಾದ್ದು ಸರಿ. ಮಗು ಕಳೆದುಹೋದಾಗಲೂ ನಮ್ಮ ಮನಸ್ಸು ಅದೇ ವ್ಯಾಕರಣದಲ್ಲಿ ಓಡುತ್ತದೆ. ಪತ್ರಿಕೆಯಲ್ಲಿ 'ಪತ್ತೆಯಾದಲ್ಲಿ ಈ ವಿಳಾಸಕ್ಕೆ ತಿಳಿಸಿ' ಎಂದಿರುತ್ತದೆ. ವಿಳಾಸ ಮಾತ್ರ ಒಂದೇ.

ಈ ಎರಡು ಕೆಲಸಗಳನ್ನು ಬೇರೆ ಮಾಡಿದವರೂ ಅದೇ ಅಮೆರಿಕದಲ್ಲಿ ಇದ್ದರು, ಈ ಹಾಡಿಗೆ ಇಪ್ಪತ್ತು ವರ್ಷ ಮೊದಲೇ. ಹ್ಯೂಸ್ಟನ್ನಿನ ಕೊಲೆಗಳ ನಂತರ ಆ ದೇಶ ಬೆಚ್ಚಿಬಿದ್ದಿತ್ತು. 1974ರಲ್ಲಿ ಓಡಿಹೋದ ಮಕ್ಕಳಿಗಾಗಿ ಕಾನೂನು ಬಂತು. ಠಾಣೆಯ ಬದಲು ತಂಗಲು ಆಶ್ರಯಮನೆಗಳಿಗೆ ಸರ್ಕಾರದ ಹಣ ಬಂತು. ಷಿಕಾಗೋದಲ್ಲಿ ಸ್ವಯಂಸೇವಕರು 1971ರಲ್ಲಿ ಶುರುಮಾಡಿದ್ದ ಒಂದು ಫೋನ್ ಲೈನ್ ಇಡೀ ದೇಶಕ್ಕೆ ಹರಡಿತು. ಅದರ ಕ್ರಮ ಹೀಗೆ: ಮನೆಬಿಟ್ಟ ಮಗು ದುಡ್ಡು ಕೊಡದೆ ಫೋನ್ ಮಾಡಬಹುದು. ಎಲ್ಲಿದ್ದೀಯ ಎಂದು ಹೇಳಲೇಬೇಕೆಂಬ ಒತ್ತಾಯವಿಲ್ಲ. ಮನೆಗೆ ಏನಾದರೂ ತಿಳಿಸಬೇಕೇ ಎಂದು ಕೇಳುತ್ತಾರೆ. ಬದುಕಿದ್ದೇನೆ ಎಂದು ಹೇಳಿ ಎಂದರೆ ಅಷ್ಟನ್ನೇ ಮುಟ್ಟಿಸುತ್ತಾರೆ. ಮನೆಯವರು ಏನಾದರೂ ಹೇಳಿದ್ದರೆ ಮುಂದಿನ ಸಲ ಫೋನ್ ಮಾಡಿದಾಗ ಅದನ್ನು ಮಗುವಿಗೆ ತಲುಪಿಸುತ್ತಾರೆ. ವಿಳಾಸ ಯಾರಿಗೂ ದಾಟುವುದಿಲ್ಲ. ಕೊನೆಗೆ ಮಗು ಮನೆಗೆ ಹೋಗಬೇಕೆಂದರೆ ಬಸ್ಸಿನ ಟಿಕೆಟ್ಟಿನ ಏರ್ಪಾಡೂ ಮುಂದೆ ಬಂತು. ಮನೆಗೆ ಹೋಗಲಾಗದೆಂದರೆ ಬೇರೆ ಜಾಗ ಹುಡುಕುತ್ತಾರೆ.

ಇದರಲ್ಲಿ ಫೋಟೋ ಇಲ್ಲ, ಹಾಡಿಲ್ಲ. ಯಾರೂ ಯಾರನ್ನೂ 'ಹಿಡಿಯುವುದಿಲ್ಲ'. ಹಾಗಾಗಿ ಇದಕ್ಕೆ ಗ್ರ್ಯಾಮಿಯೂ ಇಲ್ಲ. ಮಗುವಿನ ಮಾತನ್ನು ಮೊದಲು ಕೇಳಿಸಿಕೊಳ್ಳುವ ಕೆಲಸ ನೋಡಲು ಬಹಳ ನೀರಸವಾದದ್ದು. ಪಿರ್ನರ್ ವಿಡಿಯೋದ ಕೊನೆಯಲ್ಲಿ, ಇವರಲ್ಲಿ ಒಬ್ಬರು ನೀವೇ ಆಗಿದ್ದರೆ ಎಂದು ಹೇಳುವ ಆ ಅರ್ಧ ವಾಕ್ಯವಿದೆಯಲ್ಲ, ಇಡೀ ವಿಡಿಯೋದಲ್ಲಿ ಕಾಣೆಯಾದ ಮಗುವನ್ನೇ ಮುಖಾಮುಖಿ ಮಾತಾಡಿಸುವುದು ಅಲ್ಲಿ ಮಾತ್ರ. ನಮ್ಮ ಹಳೆಯ ಪತ್ರಿಕೆಗಳಲ್ಲೂ ಅಂಥ ಜಾಹೀರಾತುಗಳು ಬರುತ್ತಿದ್ದವು. ನೀನು ಎಲ್ಲೇ ಇದ್ದರೂ ಬಾ, ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಯಾರೂ ಏನೂ ಅನ್ನುವುದಿಲ್ಲ. 'ಯಾರೂ ಏನೂ ಅನ್ನುವುದಿಲ್ಲ' ಎಂಬ ಮಾತಿನಲ್ಲೇ ಏನು ಅಂದಿದ್ದರು ಎಂಬುದರ ಒಪ್ಪಿಗೆ ಇರುತ್ತಿತ್ತು. ಚಹರೆಯ ಪಟ್ಟಿಯಲ್ಲಿ ಅದೂ ಇಲ್ಲ.

2019ರಲ್ಲಿ ಈ ಹಾಡನ್ನು ಹೊಸ ಗಾಯಕರಿಂದ ಮತ್ತೆ ಹಾಡಿಸಿ ಹೊಸ ವಿಡಿಯೋ ಮಾಡಿದರು. ಈಗ ಕಂಪ್ಯೂಟರಿನ ಕಾಲವಲ್ಲವೇ? ನೋಡುವವರು ಯಾವ ಪ್ರದೇಶದಲ್ಲಿದ್ದಾರೋ ಅದೇ ಪ್ರದೇಶದಲ್ಲಿ ಕಾಣೆಯಾದ ಮಕ್ಕಳ ಮುಖ ಬರುವಂತೆ ಅದನ್ನು ಹೊಂದಿಸಿದ್ದರು. ಕಣ್ಣು ಬಹಳ ಚುರುಕಾಗಿದೆ. ನನಗೆ ಅದರ ಬಗ್ಗೆ ಓದಿದಾಗ ಬಸ್‌ಸ್ಟ್ಯಾಂಡ್ ಎದುರಿನ ಆ ಹೋಟೆಲ್ ನೆನಪಾಯಿತು. ಅಲ್ಲಿ ನನ್ನ ಕಣ್ಣೂ ಚುರುಕಾಗಿಯೇ ಇತ್ತು.

ಅವನ ಬಗ್ಗೆ ಒಂದು ಕಥೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಅದು ನಾನು ಅವನನ್ನು ನೋಡಿದ ಕಥೆಯಾಗುತ್ತದೆ, ನನ್ನ ಪಶ್ಚಾತ್ತಾಪದ ಕಥೆಯಾಗುತ್ತದೆ. ಅವನ ಎರಡು ತಿಂಗಳುಗಳು, ಆ ಒದ್ದೆ ಕೈ, ಹೊಟ್ಟೆತುಂಬ ತಿಂದು ತುಂಬಿಕೊಂಡಿದ್ದ ಕೆನ್ನೆ, ಅವುಗಳ ಒಳಗೆ ಹೋಗಲು ನನಗೆ ದಾರಿಯೇ ಸಿಗುತ್ತಿಲ್ಲ. ಹರಿದುಹಾಕುತ್ತೇನೆ.

ಅವನ ತಂದೆ ತೀರಿಕೊಂಡು ಬಹಳ ವರ್ಷಗಳಾದವು. ತಾಯಿ ಇದ್ದಾರೆ. ಕಳೆದ ಬಕ್ರೀದಿಗೆ ಊರಿಗೆ ಹೋದಾಗ ಸಲಾಂ ಹೇಳಿ ಬರಲು ಅವರ ಮನೆಗೆ ಹೋದೆ. ನಾನು ಅಲ್ಲಿ ಇಲ್ಲಿ ಓಡಾಡುವವನು, ಪತ್ರಿಕೆಗಳಿಗೆ ಬರೆಯುವವನು ಎಂಬುದು ಅವರಿಗೆ ಗೊತ್ತು. ಅವರು ಮಗನ ವಿಷಯ ಎತ್ತಲಿಲ್ಲ. ಎದ್ದು ಹೊರಟಾಗ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಕಹೀಂ ಮಿಲ್ಯಾ ತೋ ಲಾನಾ ನಕ್ಕೋ ಬಾವಾ. ಖಾನಾ ಖಾಯಾ ಕ್ಯಾ ಕತೇ ಪೂಛ್, ಬಸ್."

ಎಲ್ಲಾದರೂ ಸಿಕ್ಕರೆ ಕರೆತರಬೇಡಪ್ಪ, ಊಟ ಮಾಡಿದೆಯಾ ಅಂತ ಕೇಳು, ಸಾಕು. ನಾನು ಆಯಿತು ಖಾಲಾ ಎಂದೆ. ಅಂದು ಹೋಟೆಲಿನಲ್ಲಿ ಅವನನ್ನು ಕಂಡವನು ನಾನೇ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.